ಎಂಟನೇ ಕಿಟಕಿಗೆ ಕತ್ತರಿ

ತಕ್ಕಡಿ ಸಾಹೇಬರು ನಿವೃತ್ತರಾದ ದಿನ ಪೇಟೆಯ ಅಂಗಡಿಯವರೆಲ್ಲ ಸೇರಿ ಅವರಿಗೊಂದು ಕೈಗಡಿಯಾರ ಕೊಟ್ಟರು. ಪ್ರೀತಿಯಿಂದಲ್ಲ, ಅಂತೂ ತೊಲಗಿದರಲ್ಲ ಎಂಬ ನೆಮ್ಮದಿಯಿಂದ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್ಸ್‌ಪೆಕ್ಟರಾಗಿದ್ದ ಆಸಾಮಿ; ಕಾಲು ಕಿಲೋ ಕಲ್ಲಿನಲ್ಲಿ ಎರಡು ಗ್ರಾಂ ಸವೆದಿದ್ದರೂ ದಂಡ ಬರೆಯದೆ ಅಂಗಡಿಯ ಮೆಟ್ಟಿಲಿಳಿದವರಲ್ಲ. ಗಡಿಯಾರ ಕೈಗೆ ಬಂದ ಕೂಡಲೇ ಅವರು ಮಾಡಿದ ಮೊದಲ ಕೆಲಸವೆಂದರೆ ಅದನ್ನು ರೇಡಿಯೋದ ಸಮಯಕ್ಕೆ ಹಿಡಿದು ನೋಡಿದ್ದು. ನಲವತ್ತು ಸೆಕೆಂಡು ಹಿಂದಿತ್ತು. ಆ ಮಾತನ್ನು ಅಲ್ಲೇ, ಮೈಕಿನಲ್ಲೇ ಹೇಳಿದರು.

ಮನೆಗೆ ಬಂದ ಮೇಲೆ ತೂಗುವುದಕ್ಕೆ ಏನೂ ಉಳಿಯಲಿಲ್ಲ. ಹಾಗಾಗಿ ಮನೆಯನ್ನೇ ತೂಗತೊಡಗಿದರು. ಪೇಟೆಯಿಂದ ತಂದ ತರಕಾರಿಯನ್ನು ಮತ್ತೊಮ್ಮೆ ತೂಗುವುದು, ಸೋಪಿನ ಬಿಲ್ಲೆ ವಾರಕ್ಕೆ ಎಷ್ಟು ಸವೆಯಿತೆಂದು ನೋಡುವುದು, ಬಚ್ಚಲಿನಲ್ಲಿ ಮನುಷ್ಯರಿರುವಾಗಲೇ ಹೊರಗಿನಿಂದ ದೀಪ ಆರಿಸುವುದು. ಹೆಂಡತಿ ಎಂಟು ತಿಂಗಳು ತಡೆದುಕೊಂಡರು. ಒಂಬತ್ತನೇ ತಿಂಗಳು ತಲೆಗೆ ಸೋಪು ಹಚ್ಚಿಕೊಂಡು ಕತ್ತಲಲ್ಲಿ ನಿಂತವರೇ ಒಳಗಿನಿಂದ ಕೂಗಿದರು:

"ರೀ, ಹೊರಗೆ ಎಲ್ಲಾದ್ರೂ ಹೋಗಿ ಬೇರೆ ಯಾರ ತಲೆನಾದ್ರೂ ತಿನ್ರೀ. ನನ್ನದು ಮುಗೀತು."

ಸರ್ಕಾರಕ್ಕೆ ಈ ಕೂಗು ಕೇಳಿಸಿತೋ ಏನೋ. ಮರುವಾರವೇ ಬೊಕ್ಕಸ ಬರಿದಾಗಿದೆ, ದುಂದುವೆಚ್ಚಕ್ಕೆ ಕಡಿವಾಣ ಹಾಕಲೇಬೇಕು ಎಂಬ ಘೋಷಣೆ ಬಂತು. ಅಲ್ಲಿಯವರೆಗೆ ಹವಾಮಾನ, ಅಳಿಯಂದಿರು, ಬಸ್ಸಿನ ಸಮಯ ಎಂದು ಹರಟುತ್ತಿದ್ದ ಊರು ಒಂದೇ ಏಟಿಗೆ ಆರ್ಥಿಕ ತಜ್ಞರ ಸಂತೆಯಾಯಿತು. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಕೆರೆಸಿಕೊಂಡವರು ಎದ್ದು ನಿಂತು ವಾದಿಸಿದರು. ಟೀವಿಯಲ್ಲಿ ಒಂಬತ್ತು ಮಂದಿ ಒಟ್ಟಿಗೆ ಕಿರುಚಿದರು. ಎಲ್ಲರದೂ ಒಂದೇ ಮಾತು: ಕಡಿಯಬೇಕು. ಯಾರದನ್ನು ಎಂದು ಕೇಳಿದರೆ ಎಲ್ಲರ ಬೆರಳೂ ಪಕ್ಕದವನ ಕಡೆ ತಿರುಗುತ್ತಿತ್ತು.

ಕಡಿಯುವುದಕ್ಕೆ ಒಂದು ಸಮಿತಿಯೂ ಬಂತು. ಹೆಸರು ಉದ್ದವಿತ್ತು, ಜನ ಕತ್ತರಿ ಸಮಿತಿ ಎಂದರು. ನಿವೃತ್ತ ದೊಡ್ಡ ಅಧಿಕಾರಿಯೊಬ್ಬರು ಅದರ ಅಧ್ಯಕ್ಷರು. ಮಿತವ್ಯಯದ ವಿಷಯವಾದ್ದರಿಂದ ಅವರು ಎರಡೇ ಕಾರುಗಳಲ್ಲಿ ಬಂದರು. ಪುರಭವನದಲ್ಲಿ ತಿಂಗಳಿಗೊಮ್ಮೆ ಬಹಿರಂಗ ಸಭೆ. ಯಾವ ನಾಗರಿಕನಾದರೂ ಬಜೆಟ್ಟಿನ ಒಂದು ಬಾಬ್ತನ್ನು ಹಿಡಿದುಕೊಂಡು ಬಂದು, ಮೈಕಿನ ಮುಂದೆ ನಿಂತು, ಇದು ದಂಡದ ಖರ್ಚು, ಕಡಿಯಿರಿ ಎಂದು ವಾದಿಸಬಹುದು. ಉಳಿಸಿ ಎಂದೂ ವಾದಿಸಬಹುದು. ತಲೆಗೆ ಮೂರು ನಿಮಿಷ. ಮೂರು ನಿಮಿಷಕ್ಕೆ ಗಂಟೆ ಹೊಡೆಯುತ್ತದೆ, ಆಮೇಲೆ ದೇವರೇ ಬಂದರೂ ಮಾತಾಡುವಂತಿಲ್ಲ.

ಸಾಹೇಬರು ಗ್ರಂಥಾಲಯದಿಂದ ಬಜೆಟ್ ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದರು. ಸಾವಿರದ ನೂರು ಪುಟ. ಮದುವೆಯಾದ ಹೊಸದರಲ್ಲೂ ಅವರ ಮುಖದಲ್ಲಿ ಅಂಥ ಕಳೆ ಕಂಡಿರಲಿಲ್ಲ ಎಂದು ಅವರ ಹೆಂಡತಿ ಇವತ್ತಿಗೂ ಹೇಳುತ್ತಾರೆ. ಬೆಳಿಗ್ಗೆ ಎದ್ದರೆ ಬಜೆಟ್ಟು, ಉಂಡರೆ ಬಜೆಟ್ಟು. ಒಂದು ತೊಂದರೆಯಿತ್ತು. ಕಣ್ಣಿನ ಪೊರೆ ತೆಗೆಸಿದ ಮೇಲೆ ಅವರ ಬರವಣಿಗೆ ಸಾಲು ಬಿಟ್ಟು ಇಳಿಜಾರಿಗೆ ಜಾರುತ್ತಿತ್ತು. ಅದಕ್ಕೆ ಸೊಸೆ ಇದ್ದಳು. ಸಂಜೆ ಕೆಲಸದಿಂದ ಬಂದು, ಕೈಕಾಲು ತೊಳೆದು, ಮಾವ ಹೇಳಿದ್ದನ್ನು ದುಂಡಗೆ ಬರೆದುಕೊಡುತ್ತಿದ್ದಳು.

ಸೊಸೆ ಕೆಲಸಕ್ಕಿದ್ದದ್ದು ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ. ಅಲ್ಲಿ ಎಂಟು ಕಿಟಕಿಗಳಿವೆ. ಏಳು ಕಿಟಕಿಗಳಿಗೆ ಬೋರ್ಡಿದೆ: ಚೀಟಿ, ಔಷಧಿ, ರಕ್ತಪರೀಕ್ಷೆ, ಹೀಗೆ. ಎಂಟನೆಯದಕ್ಕೆ ಬೋರ್ಡಿಲ್ಲ, ಅದರ ಹಿಂದೆ ಇವಳು ಕೂತಿರುತ್ತಿದ್ದಳು. ಡಾಕ್ಟರು ಗೀಚಿದ್ದು ಅರ್ಥವಾಗದವರು, ಓದು ಬಾರದವರು, ಓದು ಬಂದರೂ ಗಾಬರಿಯಲ್ಲಿ ಮರೆತವರು ಎಲ್ಲರೂ ಅವಳ ಮುಂದೆ ಬಂದು ಚೀಟಿ ಚಾಚುತ್ತಿದ್ದರು. "ಅಜ್ಜಿ, ಇದು ಹಿಂದಿನ ಕಟ್ಟಡ, ಹದಿನೇಳನೇ ರೂಮು. ಮೆಟ್ಟಿಲು ಹತ್ತಬೇಡಿ, ಪಕ್ಕದಲ್ಲಿ ಇಳಿಜಾರಿದೆ. ಬೆಳಿಗ್ಗೆ ಏನಾದ್ರೂ ತಿಂದ್ರಾ? ತಿಂದಿದ್ರೆ ಇವತ್ತು ಬೇಡ, ನಾಳೆ ಬನ್ನಿ." ಚೀಟಿ ಕಳೆದುಹೋಗುತ್ತದೆ, ಕೈ ಕಳೆದುಹೋಗುವುದಿಲ್ಲ ಎಂದು ರೂಮಿನ ನಂಬರನ್ನು ಅಂಗೈ ಮೇಲೆ ಬಾಲ್‌ಪೆನ್ನಿನಿಂದ ಬರೆದುಬಿಡುತ್ತಿದ್ದಳು. ಊರಲ್ಲಿ ಯಾರದಾದರೂ ಅಂಗೈಯಲ್ಲಿ ನೀಲಿ ಅಂಕಿ ಕಂಡರೆ ಎಂಟನೇ ಕಿಟಕಿಗೆ ಹೋಗಿಬಂದವರೆಂದು ಗೊತ್ತಾಗುತ್ತಿತ್ತು.

ಆ ಮನೆ ನಿಂತಿದ್ದೂ ಅವಳ ಸಂಬಳದ ಮೇಲೆಯೇ. ಸಾಹೇಬರ ಪಿಂಚಣಿ ಬಾಡಿಗೆಗೆ ಸರಿಹೋಗುತ್ತಿತ್ತು. ಮಗ ಸರಕು ಸಾಗಿಸುವ ವ್ಯಾನು ಓಡಿಸುತ್ತಿದ್ದ. ವ್ಯಾನು ಸರಿಯಿದ್ದ ದಿನ ಸರಕಿಲ್ಲ, ಸರಕಿದ್ದ ದಿನ ವ್ಯಾನು ಗ್ಯಾರೇಜಿನಲ್ಲಿ.

ಮೊದಲ ಸಭೆಯಲ್ಲೇ ಸಾಹೇಬರು ಹೆಸರು ಮಾಡಿದರು. ಮುದಿ ಬಡಗಿಯೊಬ್ಬ ಬಂದು ಬಸ್ ನಿಲ್ದಾಣದ ಹೆಂಗಸರ ವಿಶ್ರಾಂತಿ ಕೋಣೆಯನ್ನು ಮುಚ್ಚಬೇಡಿ ಎಂದು ಕೈಮುಗಿದು ಕೇಳುತ್ತಿದ್ದ. ಸಾಹೇಬರು ಮೂರನೇ ಸಾಲಿನಿಂದ ಎದ್ದು ನಿಂತು, ಅಂಗಡಿಯವರ ಎದೆ ನಡುಗಿಸುತ್ತಿದ್ದ ಅದೇ ದನಿಯಲ್ಲಿ ಕೇಳಿದರು:

"ಸ್ವಾಮಿ, ನಿಮ್ಮ ಮನೆಯವರು ಯಾರಾದ್ರೂ ಅಲ್ಲಿ ಕೆಲಸಕ್ಕಿದ್ದಾರಾ?"

ಬಡಗಿ ತಡವರಿಸಿದ. "ತಂಗಿ ಇದ್ದಾಳೆ, ಸಾರ್. ಕಸ ಗುಡಿಸ್ತಾಳೆ."

ಸಭೆ ಹೋ ಎಂದು ನಕ್ಕಿತು. ಬಡಗಿಗೆ ಇನ್ನೂ ಒಂದೂವರೆ ನಿಮಿಷ ಬಾಕಿಯಿತ್ತು. ಅವನು ಅದನ್ನು ಬಳಸಲಿಲ್ಲ, ತಲೆ ತಗ್ಗಿಸಿ ಹೋಗಿ ಕೂತ. ಅಧ್ಯಕ್ಷರಿಗೆ ಈ ಪ್ರಶ್ನೆ ಎಷ್ಟು ಹಿಡಿಸಿತೆಂದರೆ ಅಲ್ಲೇ ಅದನ್ನು ನಿಯಮ ಮಾಡಿದರು. ಇನ್ನು ಮುಂದೆ ಯಾವ ಬಾಬ್ತನ್ನೇ ಆಗಲಿ ಉಳಿಸಿ ಎನ್ನಲು ಬಂದವರು ಮೊದಲು ಈ ಪ್ರಶ್ನೆಗೆ ಉತ್ತರಿಸಬೇಕು. ಕಡಿಯಿರಿ ಎನ್ನಲು ಬಂದವರಿಗೆ ಯಾವ ಪ್ರಶ್ನೆಯೂ ಇಲ್ಲ. ಸಾಹೇಬರು ಆ ದಿನ ಮನೆಗೆ ನಡೆದುಕೊಂಡು ಬಂದರೋ ತೇಲಿಕೊಂಡು ಬಂದರೋ ಅವರಿಗೇ ಗೊತ್ತಾಗಲಿಲ್ಲ.

ಇನ್ನು ಇನ್ನೂರ ಹದಿನಾಲ್ಕನೇ ಬಾಬ್ತಿನ ವಿಷಯ. ಆರೋಗ್ಯ ಇಲಾಖೆಯ ಪುಟಗಳಲ್ಲಿ, ಎರಡು ದೊಡ್ಡ ಖರ್ಚುಗಳ ನಡುವೆ ಒತ್ತಿಕೊಂಡು ಕೂತಿತ್ತು: ಅಂತರ ವಿಭಾಗೀಯ ಸಮನ್ವಯ ಸೇವೆ, ಒಂದು. ಅಷ್ಟೇ. ಯಾವ ಊರು, ಯಾವ ಕಟ್ಟಡ, ಎಷ್ಟು ಜನ, ಒಂದೂ ಇಲ್ಲ. ಸಾಹೇಬರ ರಕ್ತ ಕುದಿಯಿತು. ಸವೆದ ಕಲ್ಲನ್ನು ಗೋಣಿಯಡಿ ಬಚ್ಚಿಟ್ಟ ಅಂಗಡಿಯವನನ್ನು ಕಂಡಂತಾಯಿತು.

"ಬರೀಮ್ಮ," ಎಂದರು ಸೊಸೆಗೆ. "ಸಮನ್ವಯವಂತೆ! ಯಾರನ್ನು ಯಾರ ಜೊತೆ ಸಮನ್ವಯ ಮಾಡ್ತಾರೆ? ಯಾವನೋ ಒಬ್ಬ ಕುರ್ಚಿಗೆ ಟವೆಲ್ಲು ಹಾಕ್ಕೊಂಡು ಕೂತು ತಿಂತಿದಾನೆ."

ಸೊಸೆ ನಗುತ್ತಾ ಬರೆದಳು. "ನಮ್ಮಾಸ್ಪತ್ರೆಲೂ ಇಂಥವು ಇದಾವೆ ಮಾವ. ಮೇಲಿನ ಮಹಡೀಲಿ ಬಾಗಿಲ ಮೇಲೆ ಏನೇನೋ ಬೋರ್ಡು. ಒಳಗೆ ಯಾರೂ ಇರಲ್ಲ."

"ಕೊನೇಲಿ ಒಂದು ಏಟು ಬೇಕು. ಕೇಳಿದೋರಿಗೆ ಚುರುಕ್ ಅನ್ನಬೇಕು."

ಅವಳು ಪೆನ್ನನ್ನು ಗಲ್ಲಕ್ಕೆ ಆನಿಸಿ ಸ್ವಲ್ಪ ಹೊತ್ತು ಯೋಚಿಸಿದಳು. "ಹೀಗೆ ಹಾಕಲಾ? ಈ ಕೆಲಸ ಮಾಡುತ್ತಿರುವವರಿಗೇ ತಾವು ಈ ಕೆಲಸ ಮಾಡುತ್ತಿದ್ದೇವೆಂದು ಗೊತ್ತಿರಲಿಕ್ಕಿಲ್ಲ."

"ಭಲೇ!" ಎಂದು ಸಾಹೇಬರು ತೊಡೆ ತಟ್ಟಿದರು. "ನೀನು ನಮ್ಮಿಲಾಖೇಲಿ ಇರಬೇಕಿತ್ತು ಕಣಮ್ಮ."

ಸಭೆಯಲ್ಲಿ ಆ ವಾಕ್ಯ ಬಿದ್ದಾಗ ಪುರಭವನದ ಚಾವಣಿ ಹಾರಿಹೋಗುವುದೊಂದು ಬಾಕಿ. ಇಲಾಖೆಯ ಪರವಾಗಿ ಬಂದಿದ್ದ ಅಧಿಕಾರಿಗೆ ಆ ಸೇವೆ ಎಲ್ಲಿದೆಯೆಂದು ಕೇಳಿದರೆ, ಪರಿಶೀಲಿಸಿ ತಿಳಿಸುತ್ತೇನೆ ಎಂದ. ಪರಿಶೀಲಿಸಿ ತಿಳಿಸುವಷ್ಟರಲ್ಲಿ ಅದು ಸತ್ತಿತ್ತು. ಅಧ್ಯಕ್ಷರು ಸಾಹೇಬರಿಗೆ ಗಾಜು ಹಾಕಿಸಿದ ಪ್ರಶಸ್ತಿಪತ್ರ ಕೊಟ್ಟರು, ಪತ್ರಿಕೆಯವರು ಫೋಟೋ ಹಿಡಿದರು. ಅದನ್ನು ಹಜಾರದಲ್ಲಿ, ಒಳಗೆ ಬಂದವರ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿ ನೇತುಹಾಕಲು ಕುರ್ಚಿಯ ಮೇಲೆ ಹತ್ತಿ ಮೊಳೆ ಹೊಡೆದವಳು ಸೊಸೆಯೇ.

ಹದಿನೆಂಟು ದಿನವಾದ ಮೇಲೆ ಒಂದು ಮಧ್ಯಾಹ್ನ ಅವಳು ಎಂದಿಲ್ಲದ ಹೊತ್ತಿನಲ್ಲಿ ಮನೆಗೆ ಬಂದಳು. ಕೈಯಲ್ಲಿ ಒಂದು ಕಾಗದ. ಮಾವನ ಮುಂದಿಟ್ಟಳು. ಸಾಹೇಬರು ಭೂತಗನ್ನಡಿ ಹಿಡಿದು ಓದಿದರು. ಸಮಿತಿಯ ಆದೇಶದ ಪ್ರಕಾರ ಇನ್ನೂರ ಹದಿನಾಲ್ಕನೇ ಬಾಬ್ತು, ಅಂತರ ವಿಭಾಗೀಯ ಸಮನ್ವಯ ಸೇವೆ ಒಂದು, ರದ್ದಾಗಿದೆ. ಅದರಡಿ ನೇಮಕಗೊಂಡಿರುವ ಸಹಾಯಕಿ, ಕಿಟಕಿ ಸಂಖ್ಯೆ ಎಂಟು, ಇವರನ್ನು ತಿಂಗಳ ಕೊನೆಗೆ ಸೇವೆಯಿಂದ ಬಿಡುಗಡೆ ಮಾಡಲಾಗುವುದು.

ಯಾವುದೋ ಕಾಲದಲ್ಲಿ ಯಾರೋ ಪುಣ್ಯಾತ್ಮನಿಗೆ ಆ ಕಿಟಕಿಯ ಹಿಂದೆ ಒಬ್ಬ ಮನುಷ್ಯನಿರಬೇಕು ಅನ್ನಿಸಿತ್ತು. ಚೀಟಿ ಓದಿ ದಾರಿ ಹೇಳುವವರು ಎಂದು ಬರೆದು ಕೇಳಿದ್ದರೆ ಸರ್ಕಾರ ಕೊಡುತ್ತಿರಲಿಲ್ಲ. ಸಮನ್ವಯ ಎಂದು ಬರೆದ, ಮಂಜೂರಾಯಿತು. ಸೊಸೆಯ ಸಂಬಳದ ಚೀಟಿಯಲ್ಲಿ ಬರೀ ಸಹಾಯಕಿ ಎಂದಿತ್ತು. ತಾನು ಹನ್ನೊಂದು ವರ್ಷದಿಂದ ಮಾಡುತ್ತಿದ್ದುದು ಸಮನ್ವಯವೆಂದು ಅವಳಿಗೆ ಆ ಮಧ್ಯಾಹ್ನವೇ ಗೊತ್ತಾದದ್ದು.

ಸಾಹೇಬರು ಕಾಗದವನ್ನು ಮೂರು ಸಲ ಓದಿದರು.

"ಆ ಕೊನೇ ವಾಕ್ಯ ನಾನೇ ಹೇಳಿಕೊಟ್ಟಿದ್ದು ಮಾವ," ಎಂದಳು ಸೊಸೆ. ಹೇಳುತ್ತಾ ನಗು ಬಂತು, ನಗುತ್ತಾ ಅಳು ಬಂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಗೋಡೆಯ ಮೇಲಿನ ಗಾಜಿನ ಚೌಕಟ್ಟನ್ನು ನೋಡಿದರು, ಗಂಡನನ್ನು ನೋಡಿದರು. "ಬಚ್ಚಲಿನ ದೀಪ ಆರಿಸ್ತಿದ್ದೋರು, ಈಗ ಮನೆ ದೀಪನೇ ಆರಿಸಿದ್ರಿ. ಸಮಾಧಾನ ಆಯ್ತಾ?"

ಸಾಹೇಬರಿಗೆ ಊಟ ಸೇರಲಿಲ್ಲ. ಅವರು ಕೆಟ್ಟವರಲ್ಲ, ಅದೇ ತೊಂದರೆ. ಕೆಟ್ಟವರಾಗಿದ್ದರೆ ನಾಲ್ಕು ದಿನದಲ್ಲಿ ಮರೆಯುತ್ತಿದ್ದರು. ಆದರೂ ಮನಸ್ಸಿನ ಒಂದು ಮೂಲೆ ಇನ್ನೂ ವಾದಿಸುತ್ತಲೇ ಇತ್ತು: ನನ್ನ ಸೊಸೆಯಾದರೇನು, ನಿಯಮ ನಿಯಮವೇ, ಅಷ್ಟಕ್ಕೂ ಆ ಕಿಟಕಿಯಿಲ್ಲದಿದ್ದರೆ ಆಸ್ಪತ್ರೆ ಮುಳುಗಿಹೋಗುತ್ತದೆಯೇ? ಆ ಮೂಲೆಯ ಬಾಯಿ ಮುಚ್ಚಿದ್ದು ಅವರ ಹೆಂಡತಿಯ ಮಂಡಿ. ಮಂಡಿ ಊದಿಕೊಂಡಿತು, ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಯಿತು. ಸೊಸೆ ಆ ದಿನ ಖಾಸಗಿ ದವಾಖಾನೆಯೊಂದಕ್ಕೆ ಕೆಲಸ ಕೇಳಲು ಹೋಗಿದ್ದಳು. ಅಲ್ಲಿ ಹನ್ನೆರಡು ಗಂಟೆ ದುಡಿಸಿಕೊಂಡು ಅರ್ಧ ಸಂಬಳ ಕೊಡುತ್ತಾರಂತೆ, ಅದಕ್ಕೂ ಮೂವತ್ತು ಜನ ಸಾಲು.

ಆಸ್ಪತ್ರೆಯಲ್ಲಿ ಎಂಟನೇ ಕಿಟಕಿಗೆ ಹಲಗೆ ಹೊಡೆದಿದ್ದರು. ಪಕ್ಕದಲ್ಲಿ ಆಳೆತ್ತರದ ಹೊಸ ಫಲಕ: ಮಾಹಿತಿಗಾಗಿ ಈ ಫಲಕ ನೋಡಿ. ಹೊಳೆಯುವ ಅಕ್ಷರ, ಬಣ್ಣಬಣ್ಣದ ಬಾಣ. ಹಸಿರು ಬಾಣ ನೇರವಾಗಿ ಗೋಡೆಯನ್ನು ತೋರಿಸುತ್ತಿತ್ತು. ಸಾಹೇಬರು ಬಾಣಗಳನ್ನು ನಂಬಿ ಹೆಂಡತಿಯನ್ನು ಎರಡು ಸಲ ಮೆಟ್ಟಿಲು ಹತ್ತಿಸಿ ಇಳಿಸಿದರು. ಮೂರನೇ ಸಲ ಹೆಂಡತಿ ಮೆಟ್ಟಿಲ ಮೇಲೇ ಕೂತುಬಿಟ್ಟರು. "ಇಳಿಜಾರಿದೆ ಅಂತ ಅವಳು ಎಲ್ಲರಿಗೂ ಹೇಳ್ತಿದ್ಳು," ಎಂದರು. "ಎಲ್ಲಿದೆ ಅಂತ ನಾವು ಕೇಳಿಟ್ಕೊಳ್ಳಲಿಲ್ಲ."

ಎಂಟನೇ ಕಿಟಕಿಯ ಹಿಂದಿನ ಕೋಣೆಯ ಬಾಗಿಲು ತೆರೆದಿತ್ತು. ಸಾಹೇಬರು ಇಣುಕಿದರು. ಒಳಗೆ ಇಬ್ಬರು ಅಧಿಕಾರಿಗಳು, ಎರಡು ಹೊಸ ಮೇಜು, ತಣ್ಣಗೆ ಗಾಳಿ ಬೀಸುವ ಒಂದು ಯಂತ್ರ. ಬಾಗಿಲ ಮೇಲೆ ಬೋರ್ಡು: ಉಳಿತಾಯ ಪರಿಶೀಲನಾ ಕೋಶ. ಹನ್ನೊಂದು ವರ್ಷ ಬೋರ್ಡಿಲ್ಲದೆ ಇದ್ದ ಜಾಗಕ್ಕೆ ಕೊನೆಗೂ ಬೋರ್ಡು ಬಂದಿತ್ತು.

ಅಷ್ಟರಲ್ಲಿ ಯಾರೋ ತೋಳು ಜಗ್ಗಿದರು. ತೀರಾ ಮುಪ್ಪಾದ ಹೆಂಗಸು, ಇಡೀ ಆಸ್ಪತ್ರೆ ಸುತ್ತಿ ಸೋತವರು. ಸಾಹೇಬರ ಜೇಬಿನಲ್ಲಿ ಪೆನ್ನು ಕಂಡಿತ್ತು. ಮುದುಕಿ ಅಂಗೈ ಬಿಡಿಸಿ ಅವರ ಮುಂದೆ ಚಾಚಿದರು.

"ನಂಬರ್ ಬರ್ದುಕೊಡಪ್ಪ. ಆ ಮಗು ಎಲ್ಲಿ ಹೋಯ್ತೋ, ಕಾಣ್ತಿಲ್ಲ."

ಯಾವ ನಂಬರು ಬರೆಯಬೇಕೆಂದು ಸಾಹೇಬರಿಗೆ ತಿಳಿದಿರಲಿಲ್ಲ. ಅವರಿಗೆ ನಾಚಿಕೆಯಾಯಿತು, ನಿಜವಾದ ನಾಚಿಕೆ, ಕಿವಿಯವರೆಗೂ ಬಿಸಿಯೇರಿತು. ಮೂವತ್ತೊಂದು ವರ್ಷದಲ್ಲಿ ತೂಗಿ ನೋಡದೆ ಒಂದು ಕಲ್ಲಿಗೂ ಅವರು ಸುಳ್ಳುಕಲ್ಲು ಎಂದಿರಲಿಲ್ಲ. ಈ ಒಂದನ್ನು ಹೆಸರು ಓದಿಯೇ ಎಸೆದಿದ್ದರು.

ಮುಂದಿನ ಸಭೆಗೆ ಹೆಸರು ಬರೆಸಿದರು. ಈ ಸಲ ಸೊಸೆಗೆ ಹೇಳಿ ಬರೆಸಲಿಲ್ಲ, ತಾವೇ ಜಾರುವ ಅಕ್ಷರಗಳಲ್ಲಿ ಒಂದು ಹಾಳೆ ತುಂಬಿಸಿದರು. ಇಳಿಜಾರಿನ ವಿಷಯ, ಗೋಡೆ ತೋರಿಸುವ ಬಾಣದ ವಿಷಯ, ಅಂಗೈಯ ವಿಷಯ. ಕಿಟಕಿಯನ್ನು ಮತ್ತೆ ತೆರೆಯಬೇಕು, ತಪ್ಪು ನನ್ನದು ಎಂಬುದು ಕೊನೆಯ ಸಾಲು. ಗಡಿಯಾರ ಹಿಡಿದು ಮನೆಯಲ್ಲೇ ಓದಿ ನೋಡಿದರು: ಎರಡು ನಿಮಿಷ ಐವತ್ತು ಸೆಕೆಂಡು. ಸೊಸೆ ಅವರ ಅಂಗಿಗೆ ತಾನೇ ಇಸ್ತ್ರಿ ಮಾಡಿಕೊಟ್ಟಳು. ಗೇಟಿನವರೆಗೆ ಬಂದು ನಿಂತಳು. ಖಾಸಗಿ ದವಾಖಾನೆಯವರು ಸೋಮವಾರದೊಳಗೆ ಉತ್ತರ ಹೇಳು ಎಂದಿದ್ದರು.

ಪುರಭವನ ಕಿಕ್ಕಿರಿದಿತ್ತು. ಸಾಹೇಬರು ಮೈಕಿನ ಮುಂದೆ ನಿಂತಾಗ ಅಧ್ಯಕ್ಷರು ಎದ್ದು ಕೈಮುಗಿದರು. ಮೊದಲ ಪ್ರಶ್ನೆಯನ್ನು ಕೊಟ್ಟವರೇ ಇವರು, ಇವರಿಗೆ ಪ್ರಶ್ನೆ ಹಾಕಲು ಸಂಕೋಚವಾಗುತ್ತದೆ, ಆದರೂ ಉಳಿಸಿ ಎನ್ನಲು ಬಂದಿದ್ದಾರಾದ್ದರಿಂದ ನಿಯಮ ಎಲ್ಲರಿಗೂ ಒಂದೇ ಎಂದು ಪೀಠಿಕೆ ಹಾಕಿ, ಗುಮಾಸ್ತನ ಕಡೆ ತಿರುಗಿದರು. ಗುಮಾಸ್ತ ಓದಿದ:

"ನಿಮ್ಮ ಮನೆಯವರು ಯಾರಾದರೂ ಅಲ್ಲಿ ಕೆಲಸಕ್ಕಿದ್ದಾರೆಯೇ?"

ಹಾಗೆ ನೋಡಿದರೆ ಇಲ್ಲ ಎನ್ನಬಹುದಿತ್ತು. ಕೆಲಸವೇ ಹೋದ ಮೇಲೆ ಅಲ್ಲಿ ಯಾರೂ ಇಲ್ಲವಲ್ಲ. ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಎರಡು ಗ್ರಾಂ ಸವೆದ ಉತ್ತರ ಕೊಡುವ ಜಾಯಮಾನ ಅವರದಲ್ಲ. ನಾಲ್ಕನೇ ಸಾಲಿನಲ್ಲಿ ಆ ಮುದಿ ಬಡಗಿಯೂ ಕೂತಿದ್ದ, ಇವರನ್ನೇ ನೋಡುತ್ತಿದ್ದ. ಸಾಹೇಬರು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು.

"ಇದ್ದಳು. ನನ್ನ ಸೊಸೆ. ಆ ಕೆಲಸ ತೆಗೆಸಿದ್ದು ನಾನೇ."

ಅಧ್ಯಕ್ಷರು ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದರು. ಅವರನ್ನು ನೋಡಿ ಮುಂದಿನ ಸಾಲು ಎದ್ದಿತು, ಅದನ್ನು ನೋಡಿ ಹಿಂದಿನ ಸಾಲು. ಸ್ವಂತ ಸೊಸೆ! ಮನೆಯ ಸೊಸೆಯ ಅನ್ನವನ್ನೇ ನಾಡಿಗಾಗಿ ಕಿತ್ತ ಮಹಾನುಭಾವ! ಯಾರೋ ಜೈಕಾರ ಹಾಕಿದರು. ಫೋಟೋದವರು ಕುರ್ಚಿ ಹತ್ತಿದರು. "ಅಯ್ಯೋ, ಕೇಳಿ, ನಾನು ಹೇಳ್ತಿರೋದು ಅದಲ್ಲ," ಎಂದು ಸಾಹೇಬರು ಹಾಳೆಯನ್ನು ಆಡಿಸಿದರು, ಕೈಯನ್ನು ಆಡಿಸಿದರು. ಅವರ ವಿನಯವನ್ನು ಕಂಡು ಚಪ್ಪಾಳೆ ಇನ್ನೂ ಜೋರಾಯಿತು. ಮುಂದಿನ ಸಾಲಿನ ಒಬ್ಬಾಕೆ ಕಣ್ಣೊರೆಸಿಕೊಂಡರು. ಇಡೀ ಸಭೆಯಲ್ಲಿ ಕೈ ತಟ್ಟದೆ ಕೂತಿದ್ದವನು ಆ ಬಡಗಿಯೊಬ್ಬನೇ. ಅವನಾದರೂ ಒಂದು ಮಾತು ಕೂಗಿ ಬೈಯಬಾರದೇ ಎಂದು ಸಾಹೇಬರು ಅವನತ್ತ ನೋಡಿದರು. ಅವನು ಬೈಯಲಿಲ್ಲ, ಟೊಪ್ಪಿಗೆ ಹಾಕಿಕೊಂಡು ಎದ್ದು ಹೋದ.

ಗಂಟೆ ಹೊಡೆಯಿತು. ಸಾಹೇಬರ ಸಮಯ ಮುಗಿದಿತ್ತು. ವೇದಿಕೆಯಿಂದ ಒಂದು ಚೌಕಟ್ಟು ಇಳಿದು ಬಂದು ಅವರ ಕೈ ಸೇರಿತು. ಇದು ಮೊದಲಿನದಕ್ಕಿಂತ ದೊಡ್ಡದು, ಅಂಚಿಗೆ ಚಿನ್ನದ ಬಣ್ಣ. ಇಂಥವನ್ನು ಮುಂಚೆಯೇ ಮಾಡಿಸಿ ಇಟ್ಟುಕೊಂಡಿದ್ದರೆಂದು ಕಾಣುತ್ತದೆ. ಹೆಸರಿನ ಜಾಗ ಮಾತ್ರ ಖಾಲಿಯಿತ್ತು, ಅಲ್ಲೇ ಬರೆದುಕೊಟ್ಟರು. ಗುಮಾಸ್ತ ಮುಂದಿನವರ ಹೆಸರು ಕೂಗಿದ.

ಮನೆಯ ಗೇಟಿನಲ್ಲಿ ಸೊಸೆ ಇನ್ನೂ ನಿಂತಿದ್ದಳು. ಮಾವನ ಕಂಕುಳಲ್ಲಿದ್ದುದನ್ನು ಕಂಡು ಅವಳ ಮುಖ ಒಮ್ಮೆ ಅರಳಿತು. ಬಹುಮಾನ ಕೊಟ್ಟಿದ್ದಾರೆಂದರೆ ಮಾತಿಗೆ ಬೆಲೆ ಕೊಟ್ಟಿದ್ದಾರೆ ಎಂದುಕೊಂಡಿರಬೇಕು, ಪಾಪ.

"ಎಲ್ಲಾ ಹೇಳಿದ್ರಾ ಮಾವ? ಇಳಿಜಾರಿಂದು?"

"ಇಲ್ಲಮ್ಮ."

"ಬಾಣದ್ದು?"

ಸಾಹೇಬರು ತಲೆಯಲ್ಲಾಡಿಸಿದರು. ಮಡಿಸಿದ ಹಾಳೆ ಜೇಬಿನಲ್ಲಿ ಹಾಗೇ ಇತ್ತು.

"ಮತ್ತೆ? ಬೈದ್ರಾ?"

"ಬೈದಿದ್ರೆ ತಡ್ಕೋತಿದ್ದೆ ಕಣಮ್ಮ. ಚಪ್ಪಾಳೆ ತಟ್ಟಿದ್ರು."

ಸೊಸೆ ಅವರ ಕಂಕುಳಿನಿಂದ ಚೌಕಟ್ಟನ್ನು ತೆಗೆದುಕೊಂಡಳು. ಭಾರವಿತ್ತು, ಎರಡೂ ಕೈ ಬೇಕಾಯಿತು. ಅವಳ ಬೆರಳುಗಳಲ್ಲಿದ್ದ ನೀಲಿ ಕಲೆ ಕಿಟಕಿ ಮುಚ್ಚಿದ ಮೇಲೆ ಪೂರ್ತಿ ಅಳಿಸಿಹೋಗಿತ್ತು.

"ಎಷ್ಟು ಹೊತ್ತು ತಟ್ಟಿದ್ರು?" ಎಂದು ಕೇಳಿದಳು.

ಸಾಹೇಬರು ಅಂಗಡಿಯವರು ಕೊಟ್ಟ ಗಡಿಯಾರದ ಕಡೆ ನೋಡಿಕೊಂಡರು.

"ಮೂರು ನಿಮಿಷ," ಎಂದರು. "ಸರಿಯಾಗಿ."